ಬಾಲಂಗೋಚಿ

ವ್ಯಾನಿನ ಬಾಗಿಲು ಎಳೆದವನು ನಾನೇ.
ಗಾಳಿ, ಪೀಲ್ ಬಂದರಿನ ಗಾಳಿ ಗೊತ್ತಲ್ಲ, ಅಂತ
ಬ್ರೀಶಾಗೆ ಹೇಳಿದೆ, ಪಕ್ಕದ ಮನೆಯ ಮುದುಕ ಕಿನ್ನಿಶ್‌ಗೂ ಹೇಳಿದೆ.
ಗಾಳಿಯಲ್ಲ.
ಹೊಗೆ ಹಾಕಿದ ಮೀನಿನ ಪೆಟ್ಟಿಗೆ ಎತ್ತಿಟ್ಟು
ಹಿಂದೆ ತಿರುಗಿಯೂ ನೋಡದೆ
ಈ ಕೈ.

ಸ್ಕೆಡ್ಡನ್ ಕೂಗಿದ್ದು ಒಂದೇ ಸಲ.
ಬೆದರಿ ಜಗ್ಗಿದ, ಕಿತ್ತುಕೊಂಡ, ದೋಣಿಗಳ ನಡುವೆ ಮಾಯವಾದ.
ರಾತ್ರಿಯಿಡೀ ಟಾರ್ಚು ಹಿಡಿದು ತಿರುಗಿದೆವು.
ಬೆಳಗ್ಗೆ ಬಲೆಗಳ ರಾಶಿಯಡಿಯಿಂದ ಬಂದ,
ಬಾಲವನ್ನು ಯಾರದೋ ಸಾಮಾನಿನ ಹಾಗೆ
ನೆಲದ ಮೇಲೆ ಎಳೆದುಕೊಂಡು.
ಮೊದಲೆಲ್ಲ ಇವನು ಬಾಲ ಬಿಚ್ಚಿದರೆ
ಕಡಲಹಕ್ಕಿಗಳೂ ದಾರಿ ಬಿಡುತ್ತಿದ್ದವು.

ಡಾಕ್ಟರ್ ಆಲಿಶ್ ಕಾರ್ಕಿಲ್ ಬಾಲದ ತುದಿಯನ್ನು ಚಿಮಟದಲ್ಲಿ ಹಿಸುಕಿದಳು.
ಅವನು ಕಿಟಕಿ ನೋಡುತ್ತಿದ್ದ.
ಇನ್ನಷ್ಟು ಮೇಲೆ, ಇನ್ನಷ್ಟು ಗಟ್ಟಿಯಾಗಿ.
ಕಿಟಕಿಯನ್ನೇ ನೋಡುತ್ತಿದ್ದ.
"ಬಾಲ ಹೋಯಿತು. ಅದೇನೂ ದೊಡ್ಡದಲ್ಲ," ಅಂದಳು,
"ಜಗ್ಗಿದ್ದಕ್ಕೆ ಬುಡದ ನರ ನೊಂದಿದೆ.
ತಾನಾಗಿ ಉಚ್ಚೆ ಹೊಯ್ದನೋ, ಗೆದ್ದ.
ಇಲ್ಲವಾದರೆ ಆಮೇಲೆ ಮಾತಾಡೋಣ."

ಮನೆಗೆ ತಂದಾಗ ಕೊರಳಲ್ಲಿ ಪ್ಲಾಸ್ಟಿಕ್ ಕೊಳವೆ,
ಬೋಳಿಸಿದ ಹಿಂಬದಿ ಪುಕ್ಕ ತರಿದ ಕೋಳಿಯಂತೆ ಗುಲಾಬಿ,
ಅದರ ಮೇಲೆ ಐದು ನೀಲಿ ಹೊಲಿಗೆ.
ಕುರ್ಚಿಗೆ ಡಿಕ್ಕಿ, ಬಾಗಿಲಿಗೆ ಡಿಕ್ಕಿ,
ಹಾಲಿನ ತಟ್ಟೆಯ ಮೇಲೆ ಕೊಳವೆ ಕವುಚಿ
ಒಳಗೊಳಗೇ ನೆಕ್ಕುವ ಸದ್ದು.

ದಿನಕ್ಕೆ ಮೂರು ಸಲ ಅವನ ಹೊಟ್ಟೆ ಹಿಸುಕುವುದು ನನ್ನ ಕೆಲಸ.
ನಾನೇ ಕೇಳಿ ತೆಗೆದುಕೊಂಡದ್ದು.
ತೊಡೆಯ ಮುಂದೆ ಬೆರಳಿಟ್ಟರೆ
ಬೇಯಿಸಿದ ಮೊಟ್ಟೆಯಂಥದೊಂದು ಜಾರುತ್ತದೆ;
ಹೆಚ್ಚು ಒತ್ತಬಾರದು, ಕಡಿಮೆ ಒತ್ತಿದರೆ ಬಾರದು.
ಬೆಚ್ಚಗೆ ಮಣಿಕಟ್ಟಿನವರೆಗೆ ಇಳಿಯುತ್ತದೆ.
ಅವನು ನನ್ನ ಮುಖ ನೋಡುವುದಿಲ್ಲ.
ನಾನೂ.

ಏಳನೆಯ ರಾತ್ರಿ ಬ್ರೀಶಾ ಅವನಿಗೆ ಕತೆ ಹೇಳುತ್ತಿದ್ದಳು,
ಅವಳಜ್ಜಿ ಹೇಳಿದ್ದು, ಈ ದ್ವೀಪದಲ್ಲಿ ಎಲ್ಲರಜ್ಜಿಯೂ ಹೇಳಿದ್ದು:
ಪ್ರಳಯದ ಮಳೆ ಶುರುವಾಗಿತ್ತು, ಆನೆ ಹತ್ತಿತು, ಆಮೆಯೂ ಹತ್ತಿತು,
ಇಲಿಯ ಹಿಂದೆ ಹೋದ ಬೆಕ್ಕು ಮಾತ್ರ ತಡ.
ಓಡಿಬಂದು ಹಾರುವಾಗ ನೋಹ ಬಾಗಿಲು ಎಳೆದನಂತೆ.
ಅದಕ್ಕೇ ನಮ್ಮ ಬೆಕ್ಕುಗಳು ಹುಟ್ಟುತ್ತಲೇ ಮೊಂಡು.
ಸ್ವಲ್ಪ ಹೊತ್ತು ಅವನ ಕಿವಿ ಸವರಿ,
ತಲೆಯೆತ್ತದೆ ಹೇಳಿದಳು:
"ಆ ನೋಹನೂ ಹೆಂಡತಿಗೆ ಗಾಳಿ ಅಂತಲೇ ಹೇಳಿರಬೇಕು."

ಒಲೆಯಲ್ಲಿ ಏನೋ ಸಿಡಿಯಿತು.
ಎದ್ದು ಚಹಾಕ್ಕೆ ನೀರಿಟ್ಟೆ.
ಎರಡು ಬಟ್ಟಲು ತೆಗೆದೆ. ಬೇಡವೆನ್ನಲಿಲ್ಲ ಅವಳು.

ಹನ್ನೊಂದನೆಯ ಬೆಳಗ್ಗೆ
ಚರ್ಚಿಗೆ ಹಾಕುವ ನನ್ನ ಬೂಟಿನೊಳಗೆ ಕಾಲಿಟ್ಟರೆ ಒದ್ದೆ.
ಮೂಸಿದೆ. ಸಂಶಯವೇ ಇಲ್ಲ.
"ಬ್ರೀಶಾ!" ಅಂತ ಕೂಗಿದ್ದು ಕಿನ್ನಿಶ್‌ಗೂ ಕೇಳಿ
ಅವನು ಚಪ್ಪಲಿಯಲ್ಲೇ ಓಡಿಬಂದ;
ಮೂವರು ಮುದಿಯರು ಒಂದು ಬೂಟಿನ ಸುತ್ತ ನಿಂತು
ಮಗು ಹುಟ್ಟಿದಂತೆ ಬಗ್ಗಿ ನೋಡಿದೆವು.

ಈಗ ಕೂದಲು ಬಂದಿದೆ. ಗೋಡೆಯ ಮೇಲೆ ನಡೆಯುತ್ತಾನೆ,
ಬಾಲಂಗೋಚಿಯಿಲ್ಲದ ಗಾಳಿಪಟದಂತೆ ಮೊದಮೊದಲು ಓಲಿ
ಎರಡು ಸಲ ಬಿದ್ದ, ಬೀಳಲೇ ಇಲ್ಲವೆಂಬಂತೆ ಕೈ ನೆಕ್ಕಿದ.
ಕೋಟೆ ನೋಡಲು ಬಂದವರು ಫೋಟೋ ತೆಗೆಯುತ್ತಾರೆ:
"ನೋಡು, ಅಪ್ಪಟ ಈ ದ್ವೀಪದ ಬೆಕ್ಕು!"
ಹೇಶಮ್ ಬಂದರಿನ ಹಡಗಿನಲ್ಲಿ, ಈರುಳ್ಳಿ ಬುಟ್ಟಿಯಲ್ಲಿ
ನಾನೇ ತಂದವನು. ಹೇಳುವುದಿಲ್ಲ.
ನಾನು ಬಂದು ಮೂವತ್ತೊಂದು ವರ್ಷ.
ಪಬ್ಬಿನಲ್ಲಿ ಇಂದಿಗೂ "ಆಚೆಯಿಂದ ಬಂದವನು,
ಬ್ರೀಶಾಳ ಬಾಲಂಗೋಚಿ."

ಸಂಜೆ ಮೀನಿನ ಪೆಟ್ಟಿಗೆ ಇಳಿಸುವಾಗ ಬರುತ್ತಾನೆ,
ನಾಲ್ಕಡಿ ದೂರ ಕೂರುತ್ತಾನೆ.
ಒಂದು ಚೂರು ಎಸೆದರೆ ಹಿಂಬದಿಯ ಮೋಟು
ಕೂದಲಿನಡಿಯಲ್ಲಿ ತುಸು ಎದ್ದು
ಅತ್ತಿತ್ತ ಆಡುತ್ತದೆ.
ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚುತ್ತೇನೆ.
ಆ ಸದ್ದಿಗೆ ಈಗಲೂ ಅವನ ಕಿವಿ
ಹಿಂದಕ್ಕೆ.