ಮುಚ್ಚಳದ ಒಳಗಡೆ ಬರೆದದ್ದು

ನನ್ನ ಎರಡು ಪಕ್ಕಕ್ಕೂ ಎರಡು ಪೈಪು.
ಒಂದು ಸಾದಾ. ಇನ್ನೊಂದು
ಹೆಸರಿನ ಮುಂದೆ ಏನೋ ಹೊಳಪು ಅಂಟಿಸಿಕೊಂಡದ್ದು,
ಲೀಟರಿಗೆ ಎಂಟು ರೂಪಾಯಿ ಜಾಸ್ತಿ.
ಗುತ್ತಲು ರಸ್ತೆಯ ಬಂಕಿನಲ್ಲಿ ಆರು ವರ್ಷ
‘ಸೊನ್ನೆ ನೋಡ್ಕಳಿ ಸಾರ್’ ಅಂದೂ ಅಂದೂ
ನನ್ನ ನಾಲಿಗೆಗೂ ಒಂದು ಮೀಟರು ಕೂತಿದೆ.

ಸೋಮವಾರ ಬೋರಲಿಂಗಯ್ಯನವರ ದಿನ.
ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದವರು,
ಈಗ ಪೆನ್ಷನ್ನು, ಬೆಳ್ಳಿ ಬಣ್ಣದ ಹಳೇ ಆಲ್ಟೊ,
ಡ್ಯಾಶ್‌ಬೋರ್ಡಿನ ಮೇಲೆ ಒಂದು ಟರ್ಕಿ ಟವೆಲು.

‘ದುಬಾರೀದು ಹಾಕವ್ವ ಸುಕನ್ಯ.
ಚಾಮುಂಡಿ ಬೆಟ್ಟ ಹತ್ತುವಾಗ
ಹೊಟ್ಟೆಯೊಳಗೆ ಕಟಕಟ ಅಂತದೆ.
ಕರು ಹಾಕಿದ ಹಸೀಗೆ ಎರಡು ಹಿಡಿ ಹಿಂಡಿ
ಹೆಚ್ಚಿಗೆ ಇಡಲ್ವ, ಹಂಗೆ.’

ಕೆಮಿಸ್ಟ್ರಿಯಲ್ಲಿ ಮೂವತ್ತೊಂದು ತೆಗೆದವಳು ನಾನು.
ಇದನ್ನು ಹೇಳಿಕೊಟ್ಟವನು ಮೆಕ್ಯಾನಿಕ್ ದಸ್ತಗೀರಣ್ಣ,
ಟೀ ಲೋಟದ ಬಾಯಿಗೆ ಅಂಗೈ ಮುಚ್ಚಿ, ಅಮುಕಿ:
ನೋಡು, ಪಿಸ್ಟನ್ನು ಹಿಂಗೆ ಒತ್ತುತ್ತೆ,
ಕಿಡಿ ಬರೋ ತನಕ ಪೆಟ್ರೋಲು ಸುಮ್ಮನಿರಬೇಕು.
ತಡೀಲಾರದೆ ತಾನೇ ಹತ್ತಿಕೊಂಡರೆ ಆ ಕಟಕಟ.
ಆಕ್ಟೇನ್ ನಂಬರು ಅಂದರೆ ಇಷ್ಟೇ,
ಎಷ್ಟು ಒತ್ತಿದರೂ ಎಷ್ಟು ತಾಳುತ್ತೆ ಅಂತ.
ಶಕ್ತಿಯ ಲೆಕ್ಕ ಅಲ್ಲ ಅದು,
ತಾಳ್ಮೆಯ ಲೆಕ್ಕ.

(ಮದುವೆಯಾದ ಹೊಸತರಲ್ಲಿ
ನಮ್ಮತ್ತೆ ದಿನಕ್ಕೆ ಹತ್ತು ಸಲ ‘ತಾಳ್ಕೊ’ ಅನ್ನುತ್ತಿದ್ದರು.
ನನಗೆ ಯಾವ ನಂಬರು ಬೇಕೆಂದು
ಎಲ್ಲೂ ಬರೆದಿರಲಿಲ್ಲ.
ಇರಲಿ, ಹಿಂದೆ ಆಟೋ ಹಾರನ್ನು ಹೊಡೆಯುತ್ತಿದೆ.)

‘ಮುಚ್ಚಳದ ಒಳಗಡೆ ಓದಿ ಅಯ್ಯ’ ಅಂದೆ.
ಅಲ್ಲಿ ಓದಲು ಏನಿದೆ?
ಮೂರು ಆಯುಧಪೂಜೆಯ ಕುಂಕುಮ
ಪದರ ಪದರವಾಗಿ ಒಣಗಿ
ಕಂಪನಿ ಅಂಟಿಸಿದ ಚೀಟಿಗೇ ಮುಸುಕು.
ಉಗುರಲ್ಲಿ ಕೆರೆದರು. ಕನ್ನಡಕ ಏರಿಸಿದರು.
ಒಂಬತ್ತು. ಆಮೇಲೆ ಒಂದು.
‘ತೊಂಬತ್ತೊಂದು!’ ಅಂದರು, ಮಗನ ಮಾರ್ಕ್ಸು ಕಡಿಮೆ ಬಂದವರಂತೆ.

‘ಸಾದಾದರಲ್ಲೇ ಅಷ್ಟು ಇದೆ, ಮೇಲೆ ಇನ್ನೂ ಇದೆ.
ನಿಮ್ಮ ಇಂಜಿನ್ನು ಒತ್ತೋದು ಇಷ್ಟೇ ಇಷ್ಟು,
ಅಷ್ಟು ತಾಳಿದರೆ ಸಾಕು.
ರೇಸಿನ ಗಾಡಿ ಒತ್ತಡ ಬೇರೆ, ಅದರ ಊಟ ಬೇರೆ.
ರೈತರು ಬಂದು, ಎರಡು ಇಂಜೆಕ್ಷನ್ ಹಾಕಿ ಸ್ವಾಮಿ,
ಬೇಗ ವಾಸಿಯಾಗಲಿ ಅಂದಾಗ
ನೀವೇನಂತಿದ್ರಿ?’

ಅವರು ಬೆಳ್ಳಿ ಕಾರನ್ನು ನೋಡಿದರು,
ಹಗ್ಗ ಹಿಡಿದು ನಿಂತವರಂತೆ.
‘ತೂಕ ನೋಡಿ ಡೋಸು, ಅಂತಿದ್ದೆ.
ಬಯ್ತಿದ್ದೆ ಕೂಡ.’

‘ಬೆಟ್ಟಾನ ಯಾವ ಗೇರಲ್ಲಿ ಹತ್ತುತೀರ?’
‘ನಾಲ್ಕು. ಪೆಟ್ರೋಲು ಉಳೀಲಿ ಅಂತ.’
ದಸ್ತಗೀರಣ್ಣ ಇದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ.
‘ಎರಡಕ್ಕೆ ಇಳ್ಸಿ ಅಯ್ಯ. ಉಸಿರು ಕಟ್ಟಿ ದಬ್ಬಿದರೆ
ಎಂಥಾ ಎತ್ತಾದರೂ ಕಟಕಟ ಅಂತದೆ.
ಆಗಲೂ ನಿಲ್ಲದಿದ್ದರೆ ಗ್ಯಾರೇಜಿಗೆ ಹೋಗಿ,
ನನ್ನ ಹತ್ತಿರ ಅಲ್ಲ.
ಹಂಗೇ ರಬ್ಬರ್ ಪೈಪೂ ನೋಡ್ಸಿ, ಗಾಡಿ ಹಳೇದು,
ಈಗಿನ ಪೆಟ್ರೋಲಲ್ಲಿ ಐದರಲ್ಲಿ ಒಂದು ಪಾಲು ಸ್ಪಿರಿಟ್ಟು.’

‘ಕಬ್ಬಿಂದು?’ ಅಂದರು, ಮುಖ ಅರಳಿತು.
ಕಬ್ಬಿಂದೋ, ಜೋಳದ್ದೋ, ನನಗೇನು ಗೊತ್ತು.
ಆದರೆ ಮಂಡ್ಯದವರ ಮುಂದೆ ಇಲ್ಲ ಅನ್ನಲಾಗಲಿಲ್ಲ.
ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರು ಒಂದು
ಎರಡು ಜಲ್ಲೆ ಉದುರಿಸಿ ಸಾಗಿತು.
ಆಟೋದವನು ಇಳಿದು ಒಂದನ್ನು ಎತ್ತಿಕೊಂಡ.

ಐದು ಲೀಟರು ಸಾದಾ. ನಲವತ್ತು ಉಳಿಯಿತು.

ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದಕ್ಕೆ ಬಂದರು.
ಎರಡನೇ ಗೇರಲ್ಲಿ ಹತ್ತಿದರಂತೆ,
ಹಿಂದಿನ ಬಸ್ಸಿನವನು ಬಾಯಿಗೆ ಬಂದಂತೆ ಬಯ್ದನಂತೆ,
‘ಕಟಕಟ ಮಾತ್ರ ಅವನದೇ, ನಂದಲ್ಲ’ ಅಂತ ನಕ್ಕರು.
ಮುಚ್ಚಳ ತೆಗೆದೆ.
ಹೊಸ ಕುಂಕುಮ ಇತ್ತು,
ಈ ಸಲ ನಂಬರಿನ ಕೆಳಗೆ,
ಒಂದು ಬೆರಳು ಜಾಗ ಬಿಟ್ಟು.