ನಂಬರಿಲ್ಲದ ಹೊಲ

ಮೂವತ್ತೊಂದು ವರ್ಷ ಹೊಲ ಅಳೆದೆ,
ಒಂದು ದಿನವೂ ಕೆಸರು ತುಳಿಯದೆ.
ಅರ್ಕನ್ಸಾದ ಮೂಲೆ, ಲಾರ್ಕಿನ್ ಕೌಂಟಿಯ ಕೃಷಿ ಕಚೇರಿ,
ಹಿಂಬದಿಯ ಕೋಣೆ, ಓರೆ ಮೇಜು,
ವಿಮಾನದಿಂದ ತೆಗೆದ ಕಪ್ಪು ಬಿಳುಪು ಚಿತ್ರ,
ಅದರ ಮೇಲೆ ಹಿತ್ತಾಳೆಯ ಪುಟ್ಟ ಚಕ್ರ.
ಬದುವಿನ ಗುಂಟ ಉರುಳಿಸಿದರೆ ಎಕರೆ ಹೇಳುತ್ತದೆ.
ಬದು ಯಾರದೆಂದು ಕೇಳುವುದಿಲ್ಲ.

ಕೇಳುವುದು ಮುಂದಿನ ಕೋಣೆಯ ಕೆಲಸ.
ನಾನು ಎಕರೆ ಬರೆದು ಚೀಟಿ ದಾಟಿಸುತ್ತಿದ್ದೆ,
ಅಲ್ಲಿ ಅದು ಡಾಲರಾಗುತ್ತಿತ್ತು.

ಪೆಟಸ್ ಸಹೋದರರದು ಅಳೆಯಲು ಮೂರು ದಿನ ಬೇಕು,
ಎರಡು ಹಾಳೆ ತುಂಬಿ ಮೂರನೆಯದಕ್ಕೂ ಚಾಚಿದ ಭತ್ತ.
ಒಬ್ಬ ರೈತನಿಗೆ ಇಷ್ಟೇ ಎಂದು ಸರಕಾರ ಮಿತಿ ಹಾಕಿತು;
ಮರುವರ್ಷ ಅವರು ಹನ್ನೊಂದು ಕಂಪನಿ.
ಅಣ್ಣ, ತಮ್ಮ, ಹೆಂಡಂದಿರು, ಲಿಟಲ್ ರಾಕಿನ ಅಳಿಯ,
ಕೊನೆಗೆ ಮೊಮ್ಮಗಳು ಟಿನ್‌ಸ್ಲಿ,
"ಕೃಷಿಯಲ್ಲಿ ಸಕ್ರಿಯವಾಗಿ ತೊಡಗಿರುವವಳು."
ಅವಳ ತಾಯಿ ಸಹಿ ಹಾಕಲು ಬಂದ ದಿನ
ಆ ಸಕ್ರಿಯ ರೈತಳು ನನ್ನ ಮೇಜಿನಡಿ ಕೂತು
ಸ್ಟೇಪ್ಲರ್ ಪಿನ್ನು ಎಣಿಸುತ್ತಿದ್ದಳು.
ಏಳಾದ ಮೇಲೆ ಹನ್ನೆರಡು.

ಹೆದ್ದಾರಿಯ ಪಕ್ಕದ ಇನ್ನೂರು ಎಕರೆ
ಮೆಂಫಿಸ್ಸಿನ ಹಲ್ಲಿನ ಡಾಕ್ಟರದು.
ಅಲ್ಲಿ ಭತ್ತ ನಿಂತು ಹದಿನಾಲ್ಕು ವರ್ಷ.
ಈಗ ಹುಲ್ಲುಹಾಸು, ಕೊಳ, ಬಾತುಕೋಳಿಗೆ ಹೊಂಚಲು ಒಂದು ಗುಡಿಸಲು.
ಆದರೂ ಕಾಗದಕ್ಕೆ ಭತ್ತದ ನೆನಪಿದೆ,
ನೆನಪಿಗೂ ಎಕರೆಗಿಷ್ಟು.
ನನ್ನ ಗಂಡ ವರ್ಡೆಲ್ ಊಟಕ್ಕೆ ಕೂತು ಬೋಳುತಲೆ ಸವರಿಕೊಂಡ:
ಇಲ್ಲೂ ಒಂದು ಕಾಲಕ್ಕೆ ಬೆಳೆ ಇತ್ತು, ಇದಕ್ಕೂ ಒಂದು ಅರ್ಜಿ ಹಾಕೇ.

ಕಳ್ಳರೆಂದು ನಾನು ಹೇಳಲಾರೆ.
ಕಾನೂನಿನ ಒಂದಕ್ಷರ ಯಾರೂ ಮುರಿಯಲಿಲ್ಲ.
ನಮ್ಮ ಚರ್ಚಿನ ಮಾಡು ಹೊದಿಸಿದವನು ಹಿರಿಯ ಪೆಟಸ್,
ಅದರಡಿಯಲ್ಲೇ ನನ್ನ ಮಗಳ ಮದುವೆ.

ಹಾಳೆಯ ಈಶಾನ್ಯಕ್ಕೆ, ಕಾಲುವೆ ತಿರುಗುವಲ್ಲಿ,
ಹೆಬ್ಬೆರಳಿನಷ್ಟು ಒಂದು ಬೂದು ಚೌಕ.
ಟಿಲರಿಯವರ ನಲವತ್ತು ಎಕರೆ ಹತ್ತಿ.
ಅಷ್ಟು ನೇರ ಸಾಲು ಇಡೀ ಕೌಂಟಿಯಲ್ಲಿ ಇನ್ನೊಂದಿಲ್ಲ.
ಅದಕ್ಕೆ ನಂಬರಿಲ್ಲ.

ಹೊಸಿಯಾ ಟಿಲರಿ ಟೋಪಿ ತೆಗೆದು ಕೌಂಟರಿನಲ್ಲಿ ನಿಂತಿದ್ದ.
ನೆಲ ತಾತ ಕೊಂಡದ್ದು, ಹನ್ನೊಂದನೇ ಇಸವಿಯಲ್ಲಿ, ರೊಕ್ಕ ಎಣಿಸಿ.
ಉಯಿಲು ಬರೆಸಲಿಲ್ಲ;
ಕಪ್ಪುಜನರ ಉಯಿಲಿಗೆ ಆಗ ಈ ಊರಿನ
ಯಾವ ವಕೀಲನ ಬಾಗಿಲು ತೆರೆಯುತ್ತಿತ್ತು?
ಈಗ ಇಪ್ಪತ್ತಾರು ವಾರಸುದಾರರು,
ಶಿಕಾಗೊದಲ್ಲಿ, ಗೇರಿಯಲ್ಲಿ, ಕೆಲವರು ಮಣ್ಣಿನಲ್ಲಿ.
ಉಳುವವನು ಒಬ್ಬ.
ಇಪ್ಪತ್ತಾರೂ ಸಹಿ ತಾ ಎಂದಿತು ಮುಂದಿನ ಕೋಣೆ.
ಪೆಟಸ್ ಮನೆಯವರು ಹನ್ನೊಂದಾದಾಗ
ಯಾರ ಸಹಿಯೂ ಕಡಿಮೆ ಬಿದ್ದಿರಲಿಲ್ಲ.

ಒಂದು ಶುಕ್ರವಾರ, ಎಲ್ಲರೂ ಹೋದ ಮೇಲೆ,
ಆ ಚೌಕದ ಸುತ್ತ ಚಕ್ರ ಓಡಿಸಿದೆ.
ಮೂವತ್ತೊಂಬತ್ತೂ ಮುಕ್ಕಾಲು.
ಒಳಗೆ ಬರೆದೆ, ತೆಳ್ಳಗೆ.
ಧೈರ್ಯವೆನ್ನಬೇಡಿ.
ಸೋಮವಾರ ಅಳಿಸಬಹುದೆಂದೇ ಪೆನ್ಸಿಲ್ ಹಿಡಿದದ್ದು.
ಅವನಿಗೆ ಅದರಿಂದ ಒಂದು ಕಾಸೂ ಹುಟ್ಟಲಿಲ್ಲ.

ಈಗ ಉಪಗ್ರಹ ಅಳೆಯುತ್ತದೆ.
ಹಳೆಯ ಹಾಳೆಗಳನ್ನು ಕಸಕ್ಕೆ ಹಾಕುವಾಗ
ಒಂದನ್ನು ಸುರುಳಿ ಸುತ್ತಿ ಟಿಲರಿಯ ಮನೆಗೆ ಒಯ್ದೆ,
ನೋಡು, ನಿನ್ನ ಎಕರೆ ಬರೆದಿದ್ದೇನೆ ಎನ್ನಲು.
ಅವನು ಅಂಕಿಯನ್ನು ನೋಡಲಿಲ್ಲ.
ಕನ್ನಡಕ ಮೇಲೇರಿಸಿ, ಚೌಕದ ಅಂಚಿನಲ್ಲಿ
ನಾಲ್ಕು ಬಿಳಿ ಚುಕ್ಕೆಗಳ ಮೇಲೆ ಉಗುರಿಟ್ಟ.
ಅಮ್ಮ ಒಣಹಾಕಿದ ಹಾಸುಬಟ್ಟೆ, ಎಂದ.
ಹಾಗಾದರೆ ಅದು ಸೋಮವಾರ.

ಎಷ್ಟು ಸಲ ಅದನ್ನು ಧೂಳೆಂದುಕೊಂಡು
ತೋಳಿನಿಂದ ಒರೆಸಿದ್ದೆನೋ.