ಇನ್ನೊಂದು ಕೈ

ಬರ್ಸ್ಲೆಮ್. ರಾತ್ರಿಪಾಳಿ. ಎರಡೂವರೆ.
ಬೆಲ್ಟಿನ ಮೇಲೆ ಬರಿಮೈ ಟೈಲುಗಳು
ಒಂದರ ಹಿಂದೊಂದು, ಎಣ್ಣೆಸ್ನಾನಕ್ಕೆ ನಿಂತ ಮಕ್ಕಳ ಹಾಗೆ.
ಮೇಲೆ ಎಂಟು ಪ್ರಿಂಟ್ ಹೆಡ್,
ಒಂದೊಂದಕ್ಕೂ ಸಾವಿರ ಬಾಯಿ,
ಕೂದಲೆಳೆಗಿಂತ ಸಪೂರ.
ಒಂದು ಬಾಯಿಂದ ಸೆಕೆಂಡಿಗೆ ಆರು ಸಾವಿರ ತೊಟ್ಟು ನೀಲಿ ಮೆರುಗು.
ತೊಟ್ಟಿಗೂ ತೊಟ್ಟಿಗೂ ಒಂದೇ ತೂಕ ಇರಬೇಕು
ಅನ್ನುವುದಕ್ಕಷ್ಟೇ ನನ್ನ ಸಂಬಳ.

ಆದರೂ ಗೆರೆ.
ಎಡದಂಚಿನಿಂದ ಮೂರು ಬೆರಳು ಈಚೆ
ಬೈತಲೆಯಂಥ ಬಿಳಿಗೆರೆ
ಪ್ರತಿ ಟೈಲಿಗೂ ಅಲ್ಲೇ, ಅಷ್ಟೇ,
ಹಟ ಹಿಡಿದ ಹಾಗೆ.

ಬಿಸಿ ಮೂರು ಡಿಗ್ರಿ ಏರಿಸಿದೆ. ಮೆರುಗು ನೀರಾಯಿತು, ಗೆರೆ ಹೋಗಲಿಲ್ಲ.
ವೋಲ್ಟು ಏರಿಸಿದೆ. ತೊಟ್ಟಿಗೆ ಬಾಲ ಬಂತು,
ಬಾಲ ಹರಿದು ಮರಿತೊಟ್ಟು ಚೆದುರಿ ಅಂಚೆಲ್ಲ ಮಬ್ಬು,
ಗೆರೆ ಹೋಗಲಿಲ್ಲ.
ಒರೆಸಿದೆ, ಮುಕ್ಕಳಿಸಿ ಉಗುಳಿಸಿದೆ,
ಅಡಿಗೆ ಕೂತ ಬಣ್ಣದ ಹುಡಿಯನ್ನು ಕದಡಿ ಕದಡಿ ಓಡಿಸಿದೆ,
ಬೈದೆ, ಕನ್ನಡದಲ್ಲಿ, ಯಾರಿಗೂ ನೋವಾಗದ ಹಾಗೆ.
ಮುಚ್ಚಿದ ಬಾಯಿ ಮುಚ್ಚಿಯೇ ಇತ್ತು:
ಮುನ್ನೂರ ಹನ್ನೊಂದನೆಯದು.
ಹೊಸ ಹೆಡ್ಡು ಬರುವುದು ಗುರುವಾರ. ಇವತ್ತಿನ್ನೂ ಸೋಮವಾರ.

ಸಾಲಿನ ತುದಿಗೆ, ಕುಲುಮೆಯ ಬಾಗಿಲಿಗೆ ಮುಂಚೆ,
ಓರೆ ದೀಪದಡಿ ಬೆರಿಲ್ ಟನಿಕ್ಲಿಫ್.
ವಾರಿಜಾ ಅನ್ನಲು ನಾಲಗೆ ಹೊರಳದೆ ನನ್ನನ್ನು ‘ಡಕ್’ ಅನ್ನುತ್ತಾಳೆ.
(ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಬಾತುಕೋಳಿಯೇ,
ಬಸ್ಸಿನ ಡ್ರೈವರಿಗೆ ಟಿಕೆಟ್ಟಿಲ್ಲದವನೂ.)
ಹದಿನಾರಕ್ಕೇ ಮೆರುಗಿನ ತೊಟ್ಟಿಗೆ ಇಳಿದ ಕೈ ಅವಳದು.
ತಟ್ಟೆಯ ಅಂಚು ಹಿಡಿದು, ಅದ್ದಿ,
ಮಣಿಕಟ್ಟು ಒಂದೇ ಒಂದು ಸಲ ತಿರುವಿ ಜಾಡಿಸಿದರೆ ಮುಗಿಯಿತು.
ದಿನಕ್ಕೆ ಇನ್ನೂರು ಡಜನ್.
ಯಾವುದೂ ಇನ್ನೊಂದರ ಹಾಗಿಲ್ಲ,
ಯಾವುದಕ್ಕೂ ಗೆರೆಯಿಲ್ಲ.
ಈಗ ಚಹಾದ ಲೋಟ ಎತ್ತಿದರೆ ಆ ಮಣಿಕಟ್ಟು ನಡುಗುತ್ತದೆ.

ಮೂರಕ್ಕೆ ಬಿಡುವು. ಬೆರಿಲ್ ಕಾಗದ ಬಿಚ್ಚಿ
ಓಟ್‌ಕೇಕಿನ ಅರ್ಧ ನನಗೆ ಕೊಟ್ಟಳು.
ನಮ್ಮ ದೋಸೆಗೆ ದೂರದ ನೆಂಟ; ತೂತಿದೆ, ಹುಳಿಯಿಲ್ಲ.
‘ಡೋರೀನ್ ಬಾರದ ದಿನ,’ ಅಂದಳು, ಯಾರೂ ಕೇಳದೆ,
‘ಅವಳ ಹಲಗೆಯ ತಟ್ಟೆಗಳನ್ನು
ಈಚೆಯಿಂದ ನಾನು, ಆಚೆಯಿಂದ ಐವಿ,
ಸ್ವಲ್ಪ ಸ್ವಲ್ಪ ಅದ್ದಿಬಿಡುತ್ತಿದ್ದೆವು.
ಮೇಸ್ತ್ರಿಗೆ ಗೊತ್ತೇ ಆಗುತ್ತಿರಲಿಲ್ಲ.’
ಅವಳು ಹೇಳಿದ್ದು ಯಂತ್ರದ ವಿಷಯವಲ್ಲ.
ಶುಕ್ರವಾರ ಡೋರೀನಳನ್ನು ಮಣ್ಣು ಮಾಡುತ್ತಾರೆ.

ನನಗೆ ಸುಣ್ಣ ಬಳಿಯುವ ಹುಸೇನಸಾಬ ನೆನಪಾದ.
ಮೊದಲ ಕೈ ಉದ್ದ, ಎರಡನೆಯ ಕೈ ಅಡ್ಡ.
‘ಮೊದಲನೆಯದು ತಪ್ಪಲಿ ಬಿಡವ್ವ,
ಎಲ್ಲಿ ಹೋಗಬೇಕಂತ ಎರಡನೆಯದಕ್ಕೆ ಹೆಂಗ ತಿಳೀಬೇಕು?’
ಬಳಿದದ್ದನ್ನು ಕೈಯಲ್ಲೇ ಎಣಿಸುವ ಭಾಷೆ ನನ್ನದು.
ಈ ಯಂತ್ರಕ್ಕೆ ಎಂಟು ತಲೆ,
ಒಂದಾದರೂ ಕೈಯಿಲ್ಲ.

ಪರದೆಯ ಮುಂದೆ ಕೂತೆ.
ಮುನ್ನೂರ ಹತ್ತಕ್ಕೆ ಹೇಳಿದೆ, ಮುನ್ನೂರ ಹನ್ನೆರಡಕ್ಕೆ ಹೇಳಿದೆ:
ನಡುವಿನವಳು ಬಂದಿಲ್ಲ, ಚೂರು ಹೆಚ್ಚು ಕೊಡಿ.
ಸದಾ ಅಲ್ಲ. ಸದಾ ಕೊಟ್ಟರೆ ಅದೂ ಒಂದು ಗೆರೆಯೇ, ದಪ್ಪ ಗೆರೆ;
ಕಣ್ಣಿಗೆ ಇಲ್ಲದ್ದೂ ಕಾಣುತ್ತದೆ, ಅತಿಯಾದ್ದೂ ಕಾಣುತ್ತದೆ.
ಒಮ್ಮೆ ಇವಳು, ಎರಡು ಬಿಟ್ಟು ಅವಳು,
ಆಮೇಲೆ ಯಾರೂ ಇಲ್ಲ, ಮತ್ತೆ ಇವಳೇ.
ಲೆಕ್ಕ ಸಿಗದ ಹಾಗೆ.

ನಾಲ್ಕೂ ಮುಕ್ಕಾಲಿಗೆ ಬೆರಿಲ್
ಒಂದು ನೀಲಿ ಟೈಲು ಎತ್ತಿ ಬೆಳಕಿಗೆ ಓರೆ ಹಿಡಿದಳು.
ಉಗುರು ಗಾಳಿಯಲ್ಲೇ ಮೂರು ಬೆರಳಿನಷ್ಟು ಅಳೆಯಿತು,
ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು.
ಟೈಲನ್ನು ಕುಲುಮೆಯ ಕಡೆ ಬಿಟ್ಟಳು.
ಇನ್ನೊಂದು ಎತ್ತಿಕೊಂಡಳು.

ಗುರುವಾರ ಹೊಸ ಹೆಡ್ಡು ಬಂತು.
ಹತ್ತಕ್ಕೂ ಹನ್ನೆರಡಕ್ಕೂ ಹೇಳಿದ್ದನ್ನು ಅಳಿಸಿದೆ.
ಶುಕ್ರವಾರ ಬೆರಿಲ್ ಬರಲಿಲ್ಲ.
ಓರೆ ದೀಪದಡಿ ಈಚೆಯಿಂದ ನಾನು ನಿಂತೆ,
ಆಚೆಯಿಂದ ಪ್ಯಾಕಿಂಗಿನ ಡ್ಯಾರೆಲ್,
ಸ್ವಲ್ಪ ಸ್ವಲ್ಪ.